ಬೋನ್ಸಾಯ್ ಗುರುಗಳಿಗೆ, ಕ್ಷೌರದ ಕುರ್ಚಿಯಿಂದ

ಮೊಳದುದ್ದದ ಕುಂಡಗಳಲ್ಲಿ ಮುದಿಮರಗಳನ್ನು ಕೂರಿಸಿ, ಫೋನಿನ ಗಾಜಿನ ಹಿಂದಿನಿಂದ ಲೋಕಕ್ಕೆಲ್ಲ ಪಾಠ ಹೇಳುತ್ತಿರುವ ಮಾನ್ಯ ಬೋನ್ಸಾಯ್ ಗುರುಗಳೇ,

ತಾವು ಕ್ಷೇಮವೇ ಎಂದು ನಾನು ಕೇಳಬೇಕಾಗಿಲ್ಲ. ದಿನಾ ಬೆಳಿಗ್ಗೆ ನಾನು ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ಸರಿಯಾಗಿ ತಾವು ನನ್ನ ಫೋನಿನಲ್ಲಿ ಕೈಮುಗಿದು ನಗುತ್ತಿರುವುದರಿಂದ, ತಮ್ಮ ಆರೋಗ್ಯ ನನ್ನ ಒಡಹುಟ್ಟಿದ ತಮ್ಮನ ಆರೋಗ್ಯಕ್ಕಿಂತ ಚೆನ್ನಾಗಿ ನನಗೆ ಗೊತ್ತು. ತಮ್ಮ ಮನೆಯವರೂ ಮರದವರೂ ಸುಖವಾಗಿರಲಿ. ಇಲ್ಲಿ ನಾವೂ ಸುಖವಾಗಿದ್ದೇವೆ, ನಮ್ಮ ಪೈಕಿ ಒಬ್ಬರು ತೀರಿಹೋದದ್ದೊಂದನ್ನು ಬಿಟ್ಟರೆ. ಅವರ ವಿಷಯಕ್ಕೇ ಈ ಪತ್ರ. ಇದನ್ನು ತಮ್ಮೊಬ್ಬರಿಗೇ ಲಕೋಟೆಯಲ್ಲಿಟ್ಟು ಕಳಿಸಬಹುದಿತ್ತು. ಆದರೆ ತಾವು ಪಾಠ ಹೇಳಿದ್ದು ಬಹಿರಂಗವಾಗಿ, ನನ್ನ ಮಾನ ಹೋದದ್ದೂ ಬಹಿರಂಗವಾಗಿ, ಹಾಗಿರುವಾಗ ದೂರು ಮಾತ್ರ ಗುಟ್ಟಾಗಿ ಯಾಕಿರಬೇಕು?

ಮೊದಲು ನನ್ನ ಪರಿಚಯ. ನಾನು ಕ್ಷೌರಿಕ. ಹಳ್ಳಿಯ ಶಾಲೆಯಲ್ಲಿ ಮೇಷ್ಟರಿಗೆ ಗೊತ್ತಿದ್ದಷ್ಟನ್ನು ನಾನೂ ಕಲಿತು, ಅವರ ತಲೆಯ ಮೇಲೆಯೇ ಮೊದಲ ಕತ್ತರಿ ಆಡಿಸಿ, ಅವರಿಂದಲೇ ಶಾಲೆ ಬಿಡಿಸಿಕೊಂಡು ಈ ಕಸುಬಿಗೆ ಬಂದವನು. ಹೇಳಿಕೊಳ್ಳಬಾರದು, ಆದರೂ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ: ನನ್ನಷ್ಟು ವೇಗವಾಗಿ ಕತ್ತರಿ ಆಡಿಸುವವನು ನಮ್ಮ ಬೀದಿಯಲ್ಲಿ ಇಲ್ಲ, ಪಕ್ಕದ ಬೀದಿಯಲ್ಲೂ ಇಲ್ಲ, ಅದರಾಚೆಯ ಬೀದಿಗೆ ನಾನು ಹೋಗಿಲ್ಲ. ಗಿರಾಕಿ ಕೂತು, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು, "ಸ್ವಲ್ಪ..." ಎನ್ನುವಷ್ಟರಲ್ಲಿ ಕೆಲಸ ಅರ್ಧ ಮುಗಿದಿರುತ್ತದೆ.

ಈ ವೇಗವೇ ನನಗೆ ಮುಳುವಾಯಿತು. ನಮ್ಮ ಅಂಗಡಿಯಲ್ಲಿ ಎರಡು ಕುರ್ಚಿಗಳಿವೆ. ಒಂದು ಕಿಟಕಿಯ ಪಕ್ಕ, ಬೀದಿಗೆ ಮುಖಮಾಡಿ, ಬೆಳಕಿನಲ್ಲಿ, ಬಸ್ಸಿಗೆ ಕಾಯುವ ಜನರೆಲ್ಲ ನೋಡಿ ಮೆಚ್ಚುವ ಹಾಗೆ. ಇನ್ನೊಂದು ಹಿಂದುಗಡೆ, ತೊಟ್ಟಿಕ್ಕುವ ನಲ್ಲಿಯ ಪಕ್ಕದಲ್ಲಿ, ಗಿರಾಕಿ ತನ್ನ ಮುಖವನ್ನು ತಾನೇ ಗುರುತು ಹಿಡಿಯಲಾರದಷ್ಟು ಮಬ್ಬಾದ ಕನ್ನಡಿಯೆದುರು. ನನ್ನ ತಮ್ಮ ಸೊಂಟ ಹಿಡಿದು ಮನೆಯಲ್ಲಿ ಕೂತ ಮೇಲೆ ಅಂಗಡಿಯ ಯಜಮಾನಿಕೆ ಅವನ ಮಗಳ ಕೈಗೆ ಬಂತು. ಹುಡುಗಿ ಕೆಲಸ ಕಲಿತವಳು, ನಾಲಿಗೆಯೂ ಅವಳ ಕತ್ತರಿಯಷ್ಟೇ ಹರಿತ. ಕಿಟಕಿಯ ಕುರ್ಚಿ ಮಾತ್ರ ಹಿರಿಯನೆಂದು ನನಗೇ ಇತ್ತು. ಒಂದು ದಿನ ಒಬ್ಬ ಮದುಮಗ ಬಂದು ಕಿವಿಯ ಹತ್ತಿರ ಒಂದಿಷ್ಟು ಸರಿಮಾಡಿ ಎಂದ. ಎದ್ದು ಹೋಗುವಾಗ ಅವನು ಮದುಮಗನ ಹಾಗೆ ಕಾಣುತ್ತಿರಲಿಲ್ಲ, ಸೈನ್ಯಕ್ಕೆ ಸೇರಲು ಹೊರಟವನ ಹಾಗೆ ಕಾಣುತ್ತಿದ್ದ. ಅವನ ಅಕ್ಕಂದಿರು ಬಂದರು. ಅವರು ಆಡಿದ ಮಾತುಗಳನ್ನು ಬಹಿರಂಗ ಪತ್ರದಲ್ಲಿ ಬರೆಯಲಾಗದು.

ಅಂದೇ ನಮ್ಮ ಹುಡುಗಿ ನನ್ನ ಬಾಚಣಿಗೆ, ಬ್ರಷ್ಷು, ಪೌಡರ್ ಡಬ್ಬಿಯನ್ನೆಲ್ಲ ಎತ್ತಿ ನಲ್ಲಿಯ ಪಕ್ಕಕ್ಕೆ ಸಾಗಿಸಿ, "ದೊಡ್ಡಪ್ಪ, ನಿಮಗೆ ಕೈ ಇದೆ, ಬ್ರೇಕ್ ಇಲ್ಲ" ಎಂದಳು. ನಾನು ಮೂರು ಹೊತ್ತೂ ಮುಖ ಊದಿಸಿಕೊಂಡು ಕೂತದ್ದನ್ನು ನೋಡಲಾರದೆ, ಒಂದು ಮಧ್ಯಾಹ್ನ ತಮ್ಮ ವಿಡಿಯೋವನ್ನು ನನ್ನ ಮೂಗಿನ ಮುಂದೆ ಹಿಡಿದು, "ಇವರನ್ನ ನೋಡಿ, ಒಂದು ಚಿಗುರು ಕತ್ತರಿಸೋಕೆ ಎಷ್ಟು ಯೋಚನೆ ಮಾಡ್ತಾರೆ! ಇಂಥದೊಂದು ಗಿಡ ನೀವು ಮಾಡಿ, ಬೇಸಿಗೆ ಮುಗಿಯೋವರೆಗೂ ಉಳಿಸಿ ತೋರಿಸಿ. ಕಿಟಕಿ ಕುರ್ಚಿ ನಿಮ್ಮದೇ" ಎಂದುಬಿಟ್ಟಳು. ಗುರುಗಳೇ, ಹೀಗೆ ನಾನು ತಮ್ಮ ಶಿಷ್ಯನಾದದ್ದು ಮರದ ಆಸೆಗಲ್ಲ, ಕುರ್ಚಿಯ ಆಸೆಗೆ. ತಮ್ಮ ಬೇರೆ ಶಿಷ್ಯರು ಏನೇನೋ ಶಾಂತಿ, ನೆಮ್ಮದಿ ಎಂದು ಬರೆಯುತ್ತಾರೆ. ಅವರಿಗೆ ಕುರ್ಚಿ ಇದ್ದಿರಬೇಕು.

ತಮ್ಮ ಪಾಠಗಳಲ್ಲಿ ಗಿಡ ಆರಿಸುವ ಪಾಠವೊಂದನ್ನು ನಾನು ಮನಸಾರೆ ಹೊಗಳುತ್ತೇನೆ, ಯಾಕೆಂದರೆ ಅದರಲ್ಲಿ ನಾನು ಗೆದ್ದಿದ್ದೇನೆ. ನರ್ಸರಿಗೆ ಹೋದಾಗ ಹೂವು ನೋಡಬೇಡಿ, ಎಲೆಯ ಹೊಳಪು ನೋಡಬೇಡಿ, ಬುಡ ನೋಡಿ ಎಂದಿರಿ. ಮೇಲಿನ ಮಣ್ಣನ್ನು ಬೆರಳಿನಿಂದ ಸರಿಸಿ ಬೇರುಗಳು ಸುತ್ತಲೂ ಹರಡಿವೆಯೇ ನೋಡಿ, ಕಾಂಡ ಕೆಳಗೆ ದಪ್ಪವಾಗಿ ಮೇಲಕ್ಕೆ ಸಣ್ಣಗಾಗಿದೆಯೇ ನೋಡಿ, ಕಸಿಯ ಗಂಟಿದ್ದರೆ ಮುಟ್ಟಬೇಡಿ, ನೆಟ್ಟಗೆ ನಿಂತ ಗಿಡವನ್ನು ನೆಟ್ಟಗೆ ನಿಂತವರಿಗೇ ಬಿಡಿ ಎಂದಿರಿ. ಮನುಷ್ಯನ ಮುಖ ನೋಡದೆ ಕತ್ತಿನ ಹಿಂಭಾಗ ನೋಡಿಯೇ ಅವನ ಯೋಗ್ಯತೆ ಹೇಳುವ ನನಗೆ ಇದು ಹೊಸ ಮಾತೇ ಅಲ್ಲ. ನರ್ಸರಿಯಲ್ಲಿ ಮೊಣಕಾಲೂರಿ ಸಾಲು ಸಾಲು ಕುಂಡಗಳ ಮಣ್ಣು ಕೆದಕುತ್ತ ಹೊರಟೆ. ನರ್ಸರಿಯ ಒಡತಿ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, "ಯಜಮಾನ್ರೇ, ಗಿಡ ತಗೊಳ್ತೀರೋ, ಇಲ್ಲಾ ಏನಾದ್ರೂ ಕಳ್ಕೊಂಡಿದೀರೋ?" ಎಂದು ಕೇಳಿದರು. ಬುಡ ಹುಡುಕುತ್ತಿದ್ದೇನೆ ಎಂದೆ. ಅವರು ಸ್ವಲ್ಪ ದೂರ ಸರಿದು ನಿಂತರು.

ಅಲ್ಲಿದ್ದ ಚೆಲುವೆಯರನ್ನೆಲ್ಲ ತಿರಸ್ಕರಿಸಿ ತಿರಸ್ಕರಿಸಿ ಸಾಕಾಗಿ ಹಿಂದಿರುಗುವಾಗ, ಗೇಟಿನ ಬಳಿ ಕಂಡಿತು ನೋಡಿ! ಒಂದು ಜುನಿಪರ್ ಗಿಡ. ಚಿಕ್ಕ ಚಿಕ್ಕ ಸೂಜಿಯಂಥ ಎಲೆ, ಬುಡ ನನ್ನ ಮಣಿಕಟ್ಟಿನಷ್ಟು ದಪ್ಪ, ಕಾಂಡ ಮೊದಲು ಎಡಕ್ಕೆ ಹೋಗಿ, ಮನಸ್ಸು ಬದಲಾಯಿಸಿ ಬಲಕ್ಕೆ ತಿರುಗಿ, ಆಮೇಲೆ ಯಾವುದೂ ಬೇಡವೆಂದು ಸುಮ್ಮನೆ ಕೂತ ಹಾಗೆ. ಬೆಲೆ ಕೇಳಿದರೆ ಆ ಹೆಂಗಸು, "ಅದು ಮಾರೋದಲ್ಲ, ಗೇಟು ಬಡ್ಕೊಳ್ದೇ ಇರ್ಲಿ ಅಂತ ಒತ್ತು ಕೊಟ್ಟಿರೋದು" ಎಂದರು. ನಾನು ಬಿಡಲಿಲ್ಲ. ಹೊರಟಾಗ ನನ್ನ ಬೆನ್ನ ಹಿಂದೆ ಗೇಟು ಬಡಿದುಕೊಂಡ ಸದ್ದು, ಗುರುಗಳೇ, ನನಗೆ ಚಪ್ಪಾಳೆಯ ಹಾಗೆ ಕೇಳಿಸಿತು.

ಗಿಡವನ್ನು ತಂದು ನಲ್ಲಿಯ ಪಕ್ಕದ ನನ್ನ ಕುರ್ಚಿಯಲ್ಲೇ ಕೂರಿಸಿದೆ. ತಾವು ಮರವನ್ನು ಸುತ್ತಲೂ ನೋಡಲು ತಿರುಗುವ ಹಲಗೆಯೊಂದನ್ನು ಇಟ್ಟುಕೊಂಡಿದ್ದೀರಿ. ನನ್ನ ಬಳಿ ತಿರುಗುವುದಷ್ಟೇ ಅಲ್ಲ, ಮೇಲೆ ಕೆಳಗೆ ಏರಿಳಿದು ಹಿಂದಕ್ಕೆ ಒರಗುವ ಕುರ್ಚಿಯೇ ಇದೆ. ನೀರು ಚಿಮುಕಿಸುವ ಬಾಟಲಿ ಇದೆ, ಕತ್ತರಿಗಳಂತೂ ತಮ್ಮ ಬಳಿ ಇರುವುದಕ್ಕಿಂತ ಹೆಚ್ಚೇ ಇವೆ. ಕುರ್ಚಿ ಕೊಳೆಯಾಗದಿರಲೆಂದು ಕುಂಡದ ಕುತ್ತಿಗೆಗೆ ಬಟ್ಟೆಯನ್ನೂ ಕಟ್ಟಿದೆ. ಆಗ ಒಳಗೆ ಬಂದ ನಮ್ಮ ಖಾಯಂ ಗಿರಾಕಿ ಬಸ್ ಕಂಡಕ್ಟರ್, ಸರದಿಯಲ್ಲಿ ಕೂತು, "ಇವರದ್ದು ಮುಗಿದ ಮೇಲೆ ನಂದಾ ಅಣ್ಣಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಇನ್ನು ದೂರಿಗೆ ಬರುತ್ತೇನೆ. ತಾವು ದಿನಕ್ಕೊಂದು ವಿಡಿಯೋ ಹಾಕುತ್ತೀರಿ. ಅದೇ ಕಪ್ಪು ಪರದೆ, ಅದೇ ಹಲಗೆ, ಅದೇ ನೀಲಿ ತಟ್ಟೆಯಂಥ ಕುಂಡ, ಅದೇ ತಮ್ಮ ಸುಂದರ ಕೈಗಳು, ಅದರ ನಡುವೆ ಒಂದು ಹಸಿರು ಜುನಿಪರ್. ಸೋಮವಾರ ಒಳಗಿನ ಕೊಂಬೆಗಳನ್ನು ತೆಳುಮಾಡಿದಿರಿ. ನಾನೂ ಮಾಡಿದೆ, ತಮಗಿಂತ ಬೇಗ. ಮಂಗಳವಾರ ತಂತಿ ಸುತ್ತಿ ಬಗ್ಗಿಸಿದಿರಿ, ಸುತ್ತಿದೆ, ಬಗ್ಗಿಸಿದೆ. ಬುಧವಾರ ಗಿಡವನ್ನು ಕುಂಡದಿಂದ ಕಿತ್ತು, ಬೇರುಗಳನ್ನು ಬಾಚಿ ಬಿಡಿಸಬೇಕು ಎಂದಿರಿ. ಬಾಚುವುದನ್ನು ನನಗೆ ಹೇಳಿಕೊಡಬೇಕೇ! ಸಿಕ್ಕು ಬಿಡಿಸಿ, ನೀರು ಚಿಮುಕಿಸಿ, ನಡುವೆ ಬೈತಲೆ ತೆಗೆದು, ಇಳಿಬಿದ್ದದ್ದನ್ನೆಲ್ಲ ಒಂದೇ ಮಟ್ಟಕ್ಕೆ ಕತ್ತರಿಸಿದೆ. ಅಷ್ಟು ಅಂದವಾದ ಬೇರನ್ನು ತಾವೂ ನೋಡಿರಲಾರಿರಿ. ಗುರುವಾರ ತಟ್ಟೆಗೆ ಹಾಕಿ ಕಟ್ಟಿದಿರಿ, ಕಟ್ಟಿದೆ. ಶುಕ್ರವಾರ ಮುದಿಮರದ ಗಾಂಭೀರ್ಯ ಬರಲೆಂದು ಒಂದು ಕೊಂಬೆಯ ತೊಗಟೆ ಸುಲಿದಿರಿ. ಒಂದು ಕೊಂಬೆಯ ಗಾಂಭೀರ್ಯ ಸಾಲದೆನಿಸಿ ನಾನು ಇನ್ನೂ ಕೆಲವನ್ನು ಸುಲಿದೆ. ಶನಿವಾರ ಕಾಂಡದಲ್ಲಿ ಪೊಟರೆ ಕೊರೆದಿರಿ. ಭಾನುವಾರ ಅಂಗಡಿಯಲ್ಲಿ ಗಿರಾಕಿ ಹೆಚ್ಚಾದ್ದರಿಂದ ನಾನು ಗೊಬ್ಬರ ಹಾಕುವುದಷ್ಟನ್ನೇ ಮಾಡಿದೆ.

ಮಾನ್ಯರೇ, ಇವೆಲ್ಲ ಬೇರೆ ಬೇರೆ ಮರಗಳೆಂದು ತಾವು ಒಂದು ಮಾತು, ಒಂದೇ ಒಂದು ಮಾತು, ಹೇಳಬಹುದಿತ್ತಲ್ಲವೇ? ತಮ್ಮ ತೋಟದಲ್ಲಿ ಮರಗಳಿಗೆ ಬರವಿಲ್ಲ, ಒಂದಕ್ಕೆ ಒಂದು ದಿನ ನೋವಾದರೆ ಆಮೇಲೆ ಎರಡು ವರ್ಷ ನೆರಳಿನಲ್ಲಿ ಮಲಗಿ ವಿಶ್ರಾಂತಿ ಪಡೆಯುತ್ತದೆ. ನನ್ನ ಜುನಿಪರ್ ಒಬ್ಬಂಟಿ. ತಮ್ಮ ಇಡೀ ತೋಟದ ಪಾಠವನ್ನು ಒಂದೇ ವಾರದಲ್ಲಿ ತನ್ನ ಮೈಮೇಲೆ ಹೊತ್ತಿತು. ಸೋಮವಾರದ ಮರ ಬಲಕ್ಕೆ ವಾಲಿತ್ತು, ಮಂಗಳವಾರದ್ದು ಎಡಕ್ಕೆ ವಾಲಿತ್ತು, ಅಷ್ಟೂ ಕಾಣಿಸಲಿಲ್ಲವೇ ಎಂದು ನಮ್ಮ ಹುಡುಗಿ ಆಮೇಲೆ ನನ್ನನ್ನು ಕೇಳಿದಳು. ಕಾಣಿಸಿತ್ತು. ಆದರೆ ಹುಟ್ಟಿದಾಗಿನಿಂದ ಎನ್ನುವ ಹಾಗೆ ಕನ್ನಡಿಯಲ್ಲಿ ನೋಡಿಕೊಂಡೇ ಕೆಲಸ ಮಾಡಿದವನಿಗೆ ಎಡವು ಬಲವಾಗುವುದು, ಬಲವು ಎಡವಾಗುವುದು ದೊಡ್ಡ ಸಮಾಚಾರವೇ? ಮಂಗಳವಾರ ತಾವು ಮರವನ್ನು ಕನ್ನಡಿಯಲ್ಲಿ ತೋರಿಸುತ್ತಿದ್ದೀರಿ ಎಂದುಕೊಂಡೆ. ನಮ್ಮ ಕಸುಬಿನವರ ಅನುಕೂಲಕ್ಕಾಗಿಯೇ ಹಾಗೆ ಮಾಡಿದ್ದೀರಿ ಎಂದು ಮನಸ್ಸಿನಲ್ಲೇ ಕೈಮುಗಿದಿದ್ದೆ ಕೂಡ.

ಇದಕ್ಕಿಂತ ದೊಡ್ಡ ಮೋಸ ಆ ಗಿಡದ್ದು. ಸಾಯುವ ಪ್ರಾಣಿ ಸತ್ತೆ ಎಂದು ಹೇಳಬೇಕು, ಅದು ಮರ್ಯಾದೆ. ನನ್ನ ಜುನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ನಿಂತಿತ್ತು. ಆ ಜಾತಿಯ ಗುಣವೇ ಹಾಗಂತೆ, ಪ್ರಾಣ ಹೋದ ಸುದ್ದಿ ಎಲೆಗೆ ತಲುಪುವಷ್ಟರಲ್ಲಿ ಋತುವೇ ಬದಲಾಗುತ್ತದಂತೆ. ನಾನು ದಿನಾ ಅದಕ್ಕೆ ನೀರು ಚಿಮುಕಿಸುತ್ತಿದ್ದೆ, ಬಂದವರಿಗೆಲ್ಲ ಕುರ್ಚಿ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದೆ. ಎಷ್ಟು ವಯಸ್ಸಿನದ್ದು ಎಂದು ಕೇಳಿದವರಿಗೆ ನನ್ನ ವಯಸ್ಸಿಗೆ ಒಂದಿಷ್ಟು ಸೇರಿಸಿ ಹೇಳುತ್ತಿದ್ದೆ. ಬಸ್ ಕಂಡಕ್ಟರ್ ಅದರೊಂದಿಗೆ ಫೋಟೋ ತೆಗೆಸಿಕೊಂಡ. ಕೊನೆಗೆ ನಮ್ಮ ಹುಡುಗಿಯೇ ಕರಗಿ, "ನಿಜವಾಗ್ಲೂ ಉಳಿಸಿಬಿಟ್ರಲ್ಲ ದೊಡ್ಡಪ್ಪ! ಬೇಸಿಗೆ ಮುಗಿಯೋದು ಬೇಡ, ನಾಳೆನೇ ಕಿಟಕಿ ಹತ್ರ ಬನ್ನಿ" ಎಂದಳು. ನಾನು ಬಾಚಣಿಗೆಗಳನ್ನು ಕೈಗೆತ್ತಿಕೊಂಡಿದ್ದೆ. ಆಗ ಆ ಕಂಡಕ್ಟರ್, ಅವನ ಬಸ್ಸು ಕೆಟ್ಟು ನಿಲ್ಲಲಿ, ಪ್ರೀತಿಯಿಂದ ಒಂದು ಕೊಂಬೆ ಸವರಿದ. ಅದು ಬಳಪ ಮುರಿದ ಹಾಗೆ ಚಟ್ಟೆಂದು ಮುರಿದು ಅವನ ಕೈಯಲ್ಲೇ ಉಳಿಯಿತು. ಅವನು ಗಾಬರಿಯಲ್ಲಿ ಅದನ್ನು ಮತ್ತೆ ಅಂಟಿಸಲು ಹೋಗಿ ಇನ್ನೊಂದನ್ನು ಮುರಿದ. ಎತ್ತಿ ನೋಡಿದರೆ ತಟ್ಟೆಯಿಂದ ಇಡೀ ಮರ ಟೋಪಿಯ ಹಾಗೆ ಮೇಲೆ ಬಂತು, ಕೆಳಗೆ ಬೇರು ಎಂಬುದು ಹೆಸರಿಗೂ ಇರಲಿಲ್ಲ. ನಮ್ಮ ಹುಡುಗಿ ನನ್ನ ಕೈಯಲ್ಲಿದ್ದ ಬಾಚಣಿಗೆಗಳನ್ನು ತೆಗೆದುಕೊಂಡು ಹೋಗಿ ನಲ್ಲಿಯ ಪಕ್ಕ ಇಟ್ಟಳು.

ತಮ್ಮ ವಿಡಿಯೋದ ಕೆಳಗೆ ಬರೆದೆ: ಗುರುಗಳೇ, ತಾವು ಹೇಳಿದ್ದನ್ನೆಲ್ಲ ಮಾಡಿದೆ, ನನ್ನ ಗಿಡ ಸತ್ತುಹೋಯಿತು. ತಾವು ಅದಕ್ಕೆ ಉತ್ತರವಾಗಿ ಒಂದು ಕೆಂಪು ಹೃದಯ ಕಳಿಸಿದಿರಿ. ದುಃಖದಲ್ಲಿದ್ದವನಿಗೆ ಹೃದಯವನ್ನೇ ಕಿತ್ತು ಕೊಡುವ ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ? ಅದರ ಬದಲು ಒಂದು ಬೇರು ಕಳಿಸಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು.

ಆದ್ದರಿಂದ ಈ ಕೆಳಗಿನ ಸಣ್ಣಪುಟ್ಟ ಕೋರಿಕೆಗಳನ್ನು ತಾವು ದಯಮಾಡಿ ನಡೆಸಿಕೊಡಬೇಕು. ಇನ್ನು ಮೇಲೆ ವಿಡಿಯೋಕ್ಕೆ ಬರುವ ಪ್ರತಿಯೊಂದು ಮರವೂ ಮೊದಲು ತನ್ನ ಹೆಸರು ಹೇಳಿ, ತಾನು ನಿನ್ನೆ ಬಂದ ಮರವಲ್ಲವೆಂದು ಪ್ರಮಾಣ ಮಾಡತಕ್ಕದ್ದು. ಜುನಿಪರ್ ಜಾತಿಯ ಸಮಸ್ತರಿಗೂ, ಸತ್ತ ದಿನವೇ ಕಂದು ಬಣ್ಣಕ್ಕೆ ತಿರುಗಬೇಕೆಂದು ತಾವು ಬುದ್ಧಿ ಹೇಳತಕ್ಕದ್ದು. ಅವು ತಮ್ಮ ಮಾತು ಕೇಳುತ್ತವೆಂದು ವಿಡಿಯೋ ನೋಡಿದವರಿಗೆಲ್ಲ ಗೊತ್ತಿದೆ. ಎಲ್ಲಕ್ಕಿಂತ ಮುಖ್ಯವಾಗಿ, ತಾವು ಕೊಂಬೆ ಕತ್ತರಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯ ಮೇಲೆ "ಎರಡು ವರ್ಷಗಳ ನಂತರ" ಎಂದು ಬರುತ್ತದಲ್ಲ, ಆ ಅಕ್ಷರಗಳನ್ನು ಎಲ್ಲಿ ತರುತ್ತೀರಿ? ಅವುಗಳಲ್ಲಿ ಒಂದು ಡಬ್ಬಿಯಷ್ಟನ್ನು ನಮ್ಮ ಅಂಗಡಿಗೆ ಕಳಿಸಿಕೊಡಿ. ಗಿರಾಕಿಗಳು ಮುನಿಸಿಕೊಂಡಾಗ ಅವರ ಕನ್ನಡಿಯ ಮೇಲೆ ಅಂಟಿಸುತ್ತೇನೆ.

ಅವು ಬರುವವರೆಗೆ ಕಾಯಲು ಪುರುಸೊತ್ತಿಲ್ಲದೆ ನಾನು ಮತ್ತೆ ನರ್ಸರಿಗೆ ಹೋದೆ. ಅಲ್ಲಿಯ ಒಡತಿ ನನ್ನನ್ನು ಕಂಡೊಡನೆ ಗೇಟಿಗೆ ಒತ್ತುಕೊಟ್ಟಿದ್ದ ಕಲ್ಲಿನ ಮುಂದೆ ಬಂದು ನಿಂತರು. ಅದನ್ನೂ ಕೊಂಡೊಯ್ಯುತ್ತೇನೆಂದು ಹೆದರಿರಬೇಕು. ಈ ಸಲ ಜುನಿಪರ್ ಬೇಡವೆಂದು ಆಲದ ಜಾತಿಯ ಒಂದು ಕುಳ್ಳ ಗಿಡ ಆರಿಸಿದೆ: ಬುಡ ಆನೆಯ ಪಾದದ ಹಾಗೆ, ಸುತ್ತಲೂ ಬೇರು ಹರಡಿ, ತಲೆ ಮಾತ್ರ ಎಂದೂ ಬಾಚಣಿಗೆ ಕಾಣದವನ ತಲೆಯ ಹಾಗೆ. ಅಂಗಡಿಗೆ ತಂದು ಕೂರಿಸಿದೆ. ಕೈ ತುರಿಸಿತು. ತಾವು ಅಂದು ಎಲೆ ಉದುರಿಸುವುದನ್ನು ತೋರಿಸಿದಿರಿ. ನಾನು ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ನೋಡಿದೆ. ಮರುದಿನ ಕಾಂಡ ಸೀಳುವುದನ್ನು ತೋರಿಸಿದಿರಿ. ಎದ್ದು ಬೀದಿಗೆ ಹೋಗಿ ನಿಂತೆ. ಬೇಸಿಗೆ ಮುಗಿಯುವವರೆಗೂ ತಮ್ಮ ಒಂದು ಪಾಠವನ್ನೂ ತಪ್ಪಿಸದೆ ನೋಡಿ, ಒಂದನ್ನೂ ಮಾಡದೆ ಉಳಿದ ಏಕೈಕ ಶಿಷ್ಯ ನಾನೇ ಇರಬೇಕು. ಇಂಥ ನಿಷ್ಠೆ ತಮಗೆ ಬೇರೆ ಎಲ್ಲೂ ಸಿಗುವುದಿಲ್ಲ. ಗಿಡ ಚಿಗುರಿತು, ಕವಲೊಡೆಯಿತು, ಕನ್ನಡಿಯನ್ನೇ ಮುಚ್ಚುವಷ್ಟು ಪೊದೆಯಾಯಿತು. ಇದು ಬೋನ್ಸಾಯ್ ಅಲ್ಲ, ಬೇಲಿ ಎಂದು ಕಂಡಕ್ಟರ್ ಹೇಳಿದ. ಅವನಿಗೆ ಮುಟ್ಟಲು ಬಿಡಲಿಲ್ಲ.

ಬೇಸಿಗೆ ಮುಗಿದ ಮೇಲೆ ನಮ್ಮ ಹುಡುಗಿ ಪರೀಕ್ಷೆಗೆ ಬಂದಳು. ಈ ಸಲ ಮೋಸ ಹೋಗಬಾರದೆಂದು ಒಂದು ಕೊಂಬೆಯನ್ನು ಉಗುರಿನಿಂದ ಗೀರಿ ಹಸಿರು ನೋಡಿ, ನನ್ನ ಕೈಗೆ ಕತ್ತರಿ ಕೊಟ್ಟು, "ಬದುಕಿದೆ. ಈಗ ಕತ್ತರಿಸಿ ನೋಡೋಣ" ಎಂದಳು. ಸರದಿಯಲ್ಲಿ ಕೂತವರೆಲ್ಲ ಪತ್ರಿಕೆ ಮಡಿಸಿಟ್ಟರು. ನಾನು ಕುರ್ಚಿಯನ್ನು ಒಂದು ಸುತ್ತು ತಿರುಗಿಸಿದೆ. ಅತ್ತ ನಿಂತು ನೋಡಿದೆ, ಇತ್ತ ನಿಂತು ನೋಡಿದೆ, ಕನ್ನಡಿಯಲ್ಲೂ ನೋಡಿದೆ. ಎಡಗಡೆ ಒಂದು ಕವಲು ಉಳಿದವುಗಳ ಬೆಳಕಿಗೆ ಅಡ್ಡ ನಿಂತಿತ್ತು, ಅದೊಂದನ್ನು ತೆಗೆದೆ. ಇನ್ನೊಂದರ ಮೇಲೆ ಕತ್ತರಿ ಇಟ್ಟು, ಬಹಳ ಹೊತ್ತು ಹಿಡಿದು, ವಾಪಸು ತೆಗೆದು, "ಇದು ಇನ್ನೊಂದಿಷ್ಟು ದಿನ ಇರಲಿ ಬಿಡಮ್ಮ" ಎಂದೆ. ಹೇಗೆ ಎಂದಿತೋ ನನ್ನ ಬಾಯಿ, ನನಗೇ ಗೊತ್ತಿಲ್ಲ.

ಅವಳು ನನ್ನನ್ನೇ ನೋಡಿದಳು. ಕುರ್ಚಿ ನಿಮ್ಮದು ಎನ್ನಲಿಲ್ಲ. ನೆಟ್ಟಗೆ ಹೋಗಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತಾನೇ ಕೂತು, ಕ್ಲಿಪ್ಪು ತೆಗೆದು ಕೂದಲನ್ನು ಬೆನ್ನ ಮೇಲೆ ಬಿಟ್ಟು, "ತುದಿ ಒಂಚೂರು" ಎಂದಳು. ಗುರುಗಳೇ, ಈ ಹುಡುಗಿ ಮಾತು ಕಲಿತ ದಿನದಿಂದ ನನ್ನ ಕತ್ತರಿ ಕಂಡರೆ ಮಂಚದ ಕೆಳಗೆ ನುಗ್ಗುತ್ತಿದ್ದವಳು. ಬಸ್ಸಿಗೆ ಕಾಯುತ್ತಿದ್ದ ಜನರೆಲ್ಲ ನೋಡುತ್ತಿದ್ದರು. ನಾನು ಬಟ್ಟೆ ಕಟ್ಟಿದೆ, ನೀರು ಚಿಮುಕಿಸಿದೆ, ಬಾಚಿದೆ, ಮತ್ತೆ ಬಾಚಿದೆ, ಉಸಿರು ಹಿಡಿದು ಕತ್ತರಿಸಿದೆ, ಕತ್ತರಿ ಕೆಳಗಿಟ್ಟೆ. ಅವಳು ಕೂದಲನ್ನು ಮುಂದಕ್ಕೆ ತಂದು ತುದಿಯನ್ನು ತಿರುಗಿಸಿ ನೋಡಿ, ನೆಲ ನೋಡಿ, ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಇಷ್ಟೇನಾ, ದೊಡ್ಡಪ್ಪ?" ಎಂದಳು. ನನ್ನ ಕಸುಬಿನ ಜೀವಮಾನದಲ್ಲಿ ಈ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ.

ಈ ಗೆಲುವಿನಲ್ಲಿ ತಮ್ಮ ಪಾಲು ಎಳ್ಳಷ್ಟೂ ಇಲ್ಲವೆಂದು ಎಲ್ಲರೆದುರು ಸ್ಪಷ್ಟಪಡಿಸಲೆಂದೇ ಇಷ್ಟುದ್ದ ಬರೆದಿದ್ದೇನೆ. ನಾಳೆಯ ಪಾಠಕ್ಕೆ ಕಾಯುತ್ತ,

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕಿಟಕಿಯ ಪಕ್ಕದ ಕುರ್ಚಿಯವನು

ಮರೆತ ಮಾತು: ಒಳಗಿನ ಕೊಂಬೆಗಳಿಗೆ ಗಾಳಿ ಬೆಳಕು ಆಡದಿದ್ದರೆ ಮರದ ನೆತ್ತಿ ಕೆಡುತ್ತದೆ ಎಂದು ತಾವು ಪಾಠ ಹೇಳುವಾಗಲೆಲ್ಲ ತಮ್ಮದೇ ಕೂದಲು ತಮ್ಮ ಕಣ್ಣ ಮೇಲೆ ಬಿದ್ದು, ತಾವು ಅದನ್ನು ಊದಿ ಊದಿ ಹಾರಿಸುತ್ತಿರುವುದನ್ನು ಬಹಳ ಸಂಕಟದಿಂದ ನೋಡುತ್ತಿದ್ದೇನೆ. ಒಮ್ಮೆ ಬನ್ನಿ. ತಂತಿ ಸುತ್ತುವುದಿಲ್ಲ, ತೊಗಟೆ ಸುಲಿಯುವುದಿಲ್ಲ. ಸರಿಬರದಿದ್ದರೆ ಚಿಂತೆ ಬೇಡ. ಒಂದು ಕೆಂಪು ಹೃದಯ ನಾನೂ ಕಳಿಸುತ್ತೇನೆ.